ಒಂದು ಬ್ರ್ಯಾಕೆಟ್ಟು, ಎರಡು ಗಡಿ

ಉತ್ತರ ಕನ್ನಡದ ರಾಮನಗರದಿಂದ ಬೆಳಗಾವಿ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿಗೇ ಲೋಂಡಾ. ಅಲ್ಲಿಗೆ ಉತ್ತರ ಕನ್ನಡ ಮುಗಿದು ಬೆಳಗಾವಿ ಜಿಲ್ಲೆ ಶುರು. ಎದುರು ದಿಕ್ಕಿಗೆ ಹೊರಟರೆ ಅನಮೋಡ, ಘಟ್ಟ ಇಳಿದರೆ ಗೋವಾ. ಎರಡೂ ಕಡೆ ಅದೇ ಕಾಡು, ಅದೇ ಕೆಂಪು ಮಣ್ಣು, ಅದೇ ಜಡಿಮಳೆ. ಸೂಪಾ ಅಣೆಕಟ್ಟೆಯಲ್ಲಿ ಊರು ಮುಳುಗಿದವರಿಗೆಂದು ಕಟ್ಟಿದ ಈ ಊರಿನ ಎರಡೂ ಪಕ್ಕದಲ್ಲಿ ಕಣ್ಣಿಗೆ ಕಾಣದ ಎರಡು ಗೆರೆಗಳಿವೆ. ನನಗೆ ಅವು ಕಂಡದ್ದು ರಸ್ತೆಯಲ್ಲಲ್ಲ, ಒಂದು ಕಾಯ್ದೆಯ ಪುಟದಲ್ಲಿ!

2003ರ ಜನವರಿಯಲ್ಲಿ ಬಂದ ಕಾಯ್ದೆ ಅದು. ದೇಶದ ಪರಿಶಿಷ್ಟ ಜಾತಿ, ಪಂಗಡಗಳ ಪಟ್ಟಿಗಳಿಗೆ ಸಂಸತ್ತು ತಂದ ತಿದ್ದುಪಡಿ. ಒಣ ಒಣ ಹೆಸರುಗಳ ಉದ್ದ ಸಾಲು. ಕರ್ನಾಟಕದ ಪಟ್ಟಿಯ ಕೊನೆಗೆ, 50ನೆಯದಾಗಿ, ಒಂದು ಹೆಸರು ಸೇರಿದೆ: ಸಿದ್ದಿ (ಉತ್ತರ ಕನ್ನಡ ಜಿಲ್ಲೆಯಲ್ಲಿ). ಶತಮಾನಗಳ ಹಿಂದೆ ಆಫ್ರಿಕಾದಿಂದ ಹಡಗುಗಳಲ್ಲಿ ತರಲ್ಪಟ್ಟವರ ಮೊಮ್ಮಕ್ಕಳ ಮರಿಮಕ್ಕಳಿಗೆ ಕೊನೆಗೂ ಒಂದು ಸಾಲು ಸಿಕ್ಕಿತು. ಓದಿ ಮೈ ಜುಮ್ಮೆಂದಿತು. ಮರುಕ್ಷಣವೇ ಕಣ್ಣು ಆ ಬ್ರ್ಯಾಕೆಟ್ಟಿನ ಮೇಲೆ ನಿಂತಿತು.

ಆ ದಿನಗಳಲ್ಲಿ ಹಳಿಯಾಳದ ಸಿದ್ದಿ ಹುಡುಗಿ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನ ಸಿದ್ದಿ ಮನೆಗೆ ಸೊಸೆಯಾಗಿ ಹೋದಳು ಅನ್ನಿ. ಅವಳು ಪರಿಶಿಷ್ಟ ಪಂಗಡ, ಗಂಡ ಅಲ್ಲ. ಮಗುವಿಗೆ ಸಾಮಾನ್ಯವಾಗಿ ತಂದೆಯದೇ ಲೆಕ್ಕ. ಅಜ್ಜಿ ಮನೆಯ ಅಂಗಳದಲ್ಲಿ ಒಟ್ಟಿಗೆ ಆಡುವ ಮಕ್ಕಳಲ್ಲಿ ಒಂದಕ್ಕೆ ಸರ್ಟಿಫಿಕೇಟು, ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು. ಇನ್ನೊಂದಕ್ಕೆ ಯಾವುದೂ ಇಲ್ಲ. ಅತ್ತ ಮುಂಡಗೋಡ ದಾಟಿ ಧಾರವಾಡ ಜಿಲ್ಲೆಗೆ ಕಾಲಿಟ್ಟರೂ ಇದೇ ಕತೆ. 1976ರಲ್ಲೇ ಸಂಸತ್ತು ಪಟ್ಟಿಗಳೊಳಗಿನ ಇಂಥ ಪ್ರದೇಶದ ಬೇಲಿಗಳನ್ನು ಬಹುಪಾಲು ಕಿತ್ತು ಹಾಕಿತ್ತು. 27 ವರ್ಷದ ಮೇಲೆ ಹೊಸದೊಂದು ಬೇಲಿ ಎದ್ದಿತು!

ಕೋರ್ಟಿಗೆ ಹೋಗಬಹುದಿತ್ತಲ್ಲ ಎಂದು ನನಗೂ ಅನ್ನಿಸಿತ್ತು. ಸಂವಿಧಾನದ 342ನೇ ವಿಧಿ ತೆಗೆದು ನೋಡಿ. ರಾಷ್ಟ್ರಪತಿಯ ಅಧಿಸೂಚನೆಯಿಂದ ಪಟ್ಟಿ. ಆಮೇಲೆ ಅದಕ್ಕೆ ಸೇರಿಸುವುದು, ತೆಗೆಯುವುದು ಸಂಸತ್ತಿನ ಕಾಯ್ದೆಯಿಂದ ಮಾತ್ರ. 2000ದ ನವೆಂಬರಿನಲ್ಲಿ ಮಿಲಿಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಇದನ್ನೇ: ಪಟ್ಟಿಯನ್ನು ಇದ್ದ ಹಾಗೆ ಓದಬೇಕು. ಅಂದರೆ ಒಂದು ಬ್ರ್ಯಾಕೆಟ್ ಬದಲಾಗಬೇಕಾದರೆ ದಿಲ್ಲಿಯ ಎರಡೂ ಸದನಗಳು ಕೈ ಎತ್ತಬೇಕು. ಎತ್ತಿದವು, ಕಾಯ್ದೆಯಾದದ್ದು 2020ರಲ್ಲಿ! ಬೆಳಗಾವಿ, ಧಾರವಾಡ ಎಂಬ ಎರಡು ಹೆಸರು ಬ್ರ್ಯಾಕೆಟ್ಟಿನೊಳಗೆ ಬಂದವು. ಅದೇ ವರ್ಷ ಜುಲೈನಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಶಾಸನ ಮಾಡುವ ಮನೆಯೊಳಗೆ ಮೊದಲ ಸಿದ್ದಿ.

ಕಾಯ್ದೆಯೇ ಹೆಸರೂ ಕೊಟ್ಟು ಬೇಲಿಯನ್ನೂ ಹಾಕುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಲಂಬೀ ಎಂಬ ಜನರಿದ್ದಾರೆ. 1956ರಲ್ಲಿ ಅಲ್ಲಿನ ಕಾಂಗ್ರೆಸ್ ಕಾಯ್ದೆ ಮಾಡಿ ಅವರನ್ನು ಇಂಡಿಯನ್ನರೆಂದು, ಅಂದರೆ ಅಲ್ಲಿನ ಮೂಲನಿವಾಸಿಗಳೆಂದು, ಹೆಸರಿಟ್ಟು ಕರೆಯಿತು, ಅದೇ ಕಾಯ್ದೆಯಲ್ಲಿ ಇಂಡಿಯನ್ನರಿಗೆ ಸಿಗುವ ಸೌಲಭ್ಯ ಇವರಿಗಿಲ್ಲ ಎಂದೂ ಬರೆಯಿತು. ಆ ಒಂದು ವಾಕ್ಯದ ಸುತ್ತ ವಾಷಿಂಗ್ಟನ್ನಿನಲ್ಲಿ ದಶಕಗಳ ಕಾಲ ಚರ್ಚೆ ನಡೆದಿದೆ.

ಸಿದ್ದಿಗಳ ಸಾಲಿನಲ್ಲಿ ಇನ್ನೊಂದು ಬೆರಗಿದೆ. ಪರಿಶಿಷ್ಟ ಪಂಗಡಕ್ಕೆ ಧರ್ಮ ಅಡ್ಡಿಯಲ್ಲ. ಯಲ್ಲಾಪುರದ ಹಿಂದೂ ಸಿದ್ದಿ, ಹಳಿಯಾಳದ ಮುಸ್ಲಿಂ ಸಿದ್ದಿ, ಕ್ರೈಸ್ತ ಸಿದ್ದಿ, ಎಲ್ಲರೂ ಆ ಒಂದೇ ಪದದೊಳಗೆ. ಅವರ ಹೆಂಗಸರು ಹೊಲಿಯುವ ಕವದಿ ನೋಡಿ. ಹಳೇ ಸೀರೆ, ಲಂಗ, ಅಂಗಿಯ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವ ಹೊಲಿಗೆ. ಒಬ್ಬರ ಕವದಿಯ ಮೇಲೆ ಶಿಲುಬೆ, ಇನ್ನೊಬ್ಬರದರಲ್ಲಿ ಅರ್ಧಚಂದ್ರ. ಆದರೆ ಮೂಲೆ ಮೂಲೆಗೂ ಬಟ್ಟೆ ಮಡಿಸಿ ಇಟ್ಟ ಫುಲಾ ಇರಲೇಬೇಕು. ಫುಲಾ ಇಲ್ಲದಿದ್ದರೆ ಕವದಿ ಬೆತ್ತಲೆ ಎನ್ನುತ್ತಾರೆ.

ಎರಡನೇ ಗೆರೆ ಎಲ್ಲಿ ಅಂತೀರಾ? ಅದೇ 2003ರ ಕಾಯ್ದೆಯಲ್ಲಿ! ಗೋವಾದ ಪಟ್ಟಿಗೆ ಬನ್ನಿ: ಕುಣಬಿ, ಗಾವಡಾ, ವೇಳಿಪ. ಒಂದೇ ಕಾಯ್ದೆ ರಾಮನಗರದ ಈಚೆ ಒಂದು, ಆಚೆ ಒಂದು ಗೆರೆ ಎಳೆದಿತ್ತು. ಅನಮೋಡ ಘಟ್ಟದ ಕೆಳಗಿನ ಕುಣಬಿ ಪರಿಶಿಷ್ಟ ಪಂಗಡ, ಘಟ್ಟದ ಮೇಲಿನ ಜೋಯಿಡಾದ ಕುಣಬಿ ಅಲ್ಲ. ಇವರ ಬೇಡಿಕೆ ಹಳೆಯದು. ಮನವಿ ಕೊಟ್ಟಿದ್ದಾರೆ, ಪಾದಯಾತ್ರೆ ಮಾಡಿದ್ದಾರೆ. ಸಿದ್ದಿಗಳಿಗೆ ಬ್ರ್ಯಾಕೆಟ್ಟು ಹಿಗ್ಗಲು 17 ವರ್ಷ ಬೇಕಾಯಿತು. ಕುಣಬಿಗಳಿಗೆ ಬೇಕಾದದ್ದು ಮೂರಕ್ಷರದ ಒಂದೇ ಪದ.

ಜೋಯಿಡಾದ ಗಡ್ಡೆ-ಗೆಣಸು ಮೇಳಕ್ಕೆ ಒಮ್ಮೆ ಹೋಗಿ. ಮಣ್ಣು ಇನ್ನೂ ಅಂಟಿಕೊಂಡ, ತೋಳುದ್ದದ ಗಡ್ಡೆಗಳನ್ನು ಸಾಲಾಗಿ ಇಟ್ಟು ಕುಣಬಿ ಹೆಂಗಸರು ಕೂತಿರುತ್ತಾರೆ. ಯಾವುದನ್ನು ಬೇಯಿಸಬೇಕು, ಯಾವುದನ್ನು ಸುಡಬೇಕು, ಯಾವುದನ್ನು ಮುಂದಿನ ಮಳೆಗೆ ಬೀಜಕ್ಕೆ ಎತ್ತಿಡಬೇಕು ಎಲ್ಲ ಅವರಿಗೆ ಬಾಯಿಪಾಠ. ಕೊನೆಯ ರಾಶಿಯನ್ನು ತೋರಿಸಿ ಬೆಲೆ ಕೇಳಬೇಡಿ. ಅದು ಬೀಜದ್ದು.