ಫ್ಯಾಬ್ ಬರಲಿಲ್ಲ, ಆದ್ರೂ ಮೈಸೂರು ಚಿಪ್ ಊರು ಆಗಬಹುದಾ?

ಈ ಸಲ ನಾವು, ಎರಡನೇ ವರ್ಷದ ಎಲೆಕ್ಟ್ರಾನಿಕ್ಸ್ ಕ್ಲಾಸಿನವರು, ಚಿಪ್ ಬಗ್ಗೆ ಬರೀತಿದ್ದೀವಿ. ಕ್ಯಾಂಟೀನಲ್ಲಿ ಸಿಗೋ ಚಿಪ್ಸ್ ಅಲ್ಲ, ಮೊಬೈಲ್ ಒಳಗೆ ಇರೋದು. ಸಿವಿಲ್, ಮೆಕ್ಯಾನಿಕಲ್‌ನವರು ಇಲ್ಲಿಗೇ ನಿಲ್ಲಿಸಬೇಡಿ. ನಾಲ್ಕನೇ ವರ್ಷ ಮುಗಿದ ಮೇಲೆ ಎಲ್ಲರೂ ಬ್ಯಾಗ್ ಕಟ್ಟಿಕೊಂಡು ಬೆಂಗಳೂರಿಗೇ ಹೋಗಬೇಕಾ ಅನ್ನೋ ಪ್ರಶ್ನೆ ನಿಮ್ಮದೂ ಹೌದು.

ಮೊದಲು ನಡೆದದ್ದು ಏನು ಅಂತ ನೋಡೋಣ. 2022ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ ಐಎಸ್‌ಎಂಸಿ ಅನ್ನೋ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಮೈಸೂರಿನಲ್ಲಿ 22,900 ಕೋಟಿ ರೂಪಾಯಿ ಹೂಡಿ ಚಿಪ್ ತಯಾರಿಸೋ ಕಾರ್ಖಾನೆ, ಅಂದ್ರೆ ಫ್ಯಾಬ್, ಕಟ್ಟೋದು ಯೋಜನೆ. ಪೇಪರ್‌ಗಳಲ್ಲಿ ದೊಡ್ಡ ಸುದ್ದಿಯಾಯಿತು. ಫ್ಯಾಬ್ ಮಾತ್ರ ಬರಲಿಲ್ಲ. 2023ರಲ್ಲಿ ಮೈಕ್ರಾನ್ ಗುಜರಾತಿನ ಸಾನಂದ್‌ಗೆ ಹೋಯಿತು. 2024ರಲ್ಲಿ ಟಾಟಾದವರ 91,000 ಕೋಟಿ ರೂಪಾಯಿಯ ಫ್ಯಾಬ್‌ಗೆ ಧೊಲೇರಾದಲ್ಲಿ ಒಪ್ಪಿಗೆ ಸಿಕ್ಕಿತು. 1988ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಕೇನ್ಸ್ ಟೆಕ್ನಾಲಜಿ ಕೂಡ ತನ್ನ ಚಿಪ್ ಪ್ಯಾಕೇಜಿಂಗ್ ಘಟಕಕ್ಕೆ ಸಾನಂದ್ ಅನ್ನೇ ಆರಿಸಿಕೊಂಡಿತು.

ಇಂಥ ಯೋಜನೆಗಳಿಗೆ ಕೇಂದ್ರ ಸರ್ಕಾರ ಅರ್ಧ ವೆಚ್ಚ ಕೊಡುತ್ತೆ. ಗುಜರಾತ್ 2022ರಲ್ಲೇ ಸೆಮಿಕಂಡಕ್ಟರ್‌ಗೆ ಅಂತ ಪ್ರತ್ಯೇಕ ನೀತಿ ಮಾಡಿ ಅದರ ಮೇಲೆ ತನ್ನ ಸಬ್ಸಿಡಿಯನ್ನೂ ಸೇರಿಸಿತು. ಹಾಗಾಗಿ ಕೆಲವರು "ಮುಗೀತು ಬಿಡಿ, ಮೈಸೂರಿಗೆ ಪೆನ್ಷನರ್ಸ್ ಪ್ಯಾರಡೈಸ್ ಅನ್ನೋ ಹೆಸರೇ ಖಾಯಂ" ಅಂತಾರೆ. ನಮಗೆ ಹಾಗೆ ಅನ್ನಿಸಲ್ಲ. ಯಾಕೆ ಅಂತ ಹೇಳೋಕೆ ಮುಂಚೆ ಚಿಪ್ ಹೇಗೆ ಆಗುತ್ತೆ ಅಂತ ಸ್ವಲ್ಪ ಹೇಳಬೇಕು.

ಪ್ಲಾನ್ ಹಾಕೋರು, ಕಟ್ಟೋರು

ಮನೆಗೆ ಪ್ಲಾನ್ ಹಾಕೋ ಎಂಜಿನಿಯರ್ ಬೇರೆ, ಕಟ್ಟೋ ಮೇಸ್ತ್ರಿ ಬೇರೆ. ಚಿಪ್‌ನಲ್ಲೂ ಹಾಗೇ. ಡಿಸೈನ್ ಮಾಡೋರು ಮೊದಲು ಚಿಪ್ ಏನು ಮಾಡಬೇಕು ಅಂತ ವೆರಿಲಾಗ್‌ನಂಥ ಭಾಷೆಯಲ್ಲಿ ಕೋಡ್ ಬರೀತಾರೆ. ಆಮೇಲೆ ವೆರಿಫಿಕೇಶನ್: ಬರೆದದ್ದು ಸರಿಯಾಗಿ ಕೆಲಸ ಮಾಡುತ್ತಾ ಅಂತ ಸಾವಿರಾರು ರೀತಿಯಲ್ಲಿ ಪರೀಕ್ಷೆ ಮಾಡೋದು. ಹೆಚ್ಚು ಜನ, ಹೆಚ್ಚು ಸಮಯ ಹಿಡಿಯೋ ಹಂತಗಳಲ್ಲಿ ಇದೂ ಒಂದು. ನಂತರ ಸಾಫ್ಟ್‌ವೇರ್ ಆ ಕೋಡನ್ನು ಲಾಜಿಕ್ ಗೇಟ್‌ಗಳಾಗಿ ಬದಲಿಸುತ್ತೆ. ಯಾವ ಗೇಟ್ ಎಲ್ಲಿ ಕೂರಬೇಕು, ತಂತಿ ಎಲ್ಲಿ ಹಾಯಬೇಕು ಅಂತ ಲೇಔಟ್ ಆಗುತ್ತೆ. ಕೊನೆಗೆ ಸಿದ್ಧವಾದ ಫೈಲ್ ಅನ್ನು ಫ್ಯಾಬ್‌ಗೆ ಕಳಿಸೋದಕ್ಕೆ ಟೇಪ್‌ಔಟ್ ಅಂತಾರೆ.

ಇಲ್ಲಿಂದ ಮುಂದೆ ಫ್ಯಾಬ್‌ನ ಕೆಲಸ. ಅದಕ್ಕೆ ಧೂಳಿಲ್ಲದ ದೊಡ್ಡ ಕಟ್ಟಡ, ಕ್ಷಣವೂ ಕೈಕೊಡದ ಕರೆಂಟು, ದಿನಕ್ಕೆ ಲಕ್ಷಾಂತರ ಲೀಟರ್ ಶುದ್ಧ ನೀರು ಬೇಕು. ಡಿಸೈನ್‌ಗೆ ಇದ್ಯಾವುದೂ ಬೇಡ. ಬೇಕಾಗಿರೋದು ಕಂಪ್ಯೂಟರ್, ಡಿಸೈನ್ ಸಾಫ್ಟ್‌ವೇರ್, ಕೆಲಸ ಗೊತ್ತಿರೋ ಜನ. ಕಾವೇರಿ ನೀರಿಗಾಗಿ ಪ್ರತಿ ಬೇಸಿಗೆ ಲೆಕ್ಕ ಹಾಕೋ ನಮ್ಮ ಭಾಗಕ್ಕೆ ಇದು ಸಣ್ಣ ವಿಷಯ ಅಲ್ಲ. ಫ್ಯಾಬ್ ಇಲ್ಲದೆಯೂ ಚಿಪ್ ಉದ್ಯಮ ಇರಬಹುದು. ಕ್ವಾಲ್ಕಾಮ್, ಎನ್‌ವಿಡಿಯಾ ತಮ್ಮ ಚಿಪ್‌ಗಳನ್ನು ತಾವೇ ತಯಾರಿಸಲ್ಲ. ಡಿಸೈನ್ ಮಾಡಿ ಬೇರೆಯವರ ಫ್ಯಾಬ್‌ಗೆ ಕೊಡ್ತಾರೆ.

ಹಬ್ ಅಂದ್ರೆ ಏನು?

ಉತ್ತರ ಬೆಂಗಳೂರಿಗೆ ಹೋಗೋ ದಾರಿಯಲ್ಲೇ ಇದೆ, ಚನ್ನಪಟ್ಟಣದಲ್ಲಿ. ಅಲ್ಲಿ ಗೊಂಬೆಗೆ ಬೇಕಾದ ಮರ ಮಾರೋರು, ಅದನ್ನ ಕಡೆಯೋರು, ಅರಗಿನ ಬಣ್ಣ ಹಚ್ಚೋರು, ಕೊಳ್ಳೋ ವ್ಯಾಪಾರಿಗಳು ಎಲ್ಲರೂ ಒಂದೇ ಕಡೆ ಸಿಗ್ತಾರೆ. ಒಬ್ಬ ಕುಶಲಕರ್ಮಿ ಒಬ್ಬ ಮಾಲೀಕನನ್ನ ಬಿಟ್ಟರೆ ಪಕ್ಕದ ಬೀದಿಯಲ್ಲೇ ಇನ್ನೊಂದು ಕೆಲಸ ಹುಡುಕಬಹುದು, ಇಲ್ಲಾ ತಾನೇ ಒಂದು ಲೇತ್ ಇಟ್ಕೊಂಡು ಶುರು ಮಾಡಬಹುದು. ಹಬ್ ಅಂದ್ರೆ ಇಷ್ಟೇ ಅಂತ ನಮ್ಮ ತಿಳುವಳಿಕೆ. ಒಂದೇ ಕಂಪನಿ ಇರೋ ಊರಲ್ಲಿ ಕೆಲಸ ಬಿಟ್ಟರೆ ಊರನ್ನೇ ಬಿಡಬೇಕು. ಹಬ್ ಆಗಿರೋ ಊರಲ್ಲಿ ಕೆಲಸ ಬಿಟ್ಟರೆ ರಸ್ತೆ ದಾಟಿದರೆ ಸಾಕು.

ತೈವಾನಿನ ಶಿನ್‌ಚು ನಗರ ಹೀಗೇ ಬೆಳೆಯಿತು. 1973ರಲ್ಲಿ ಅಲ್ಲಿನ ಸರ್ಕಾರ ಇಟ್ರಿ ಅನ್ನೋ ಸಂಶೋಧನಾ ಸಂಸ್ಥೆ ಶುರು ಮಾಡಿತು. 1976ರಲ್ಲಿ ಯುವ ಎಂಜಿನಿಯರ್‌ಗಳನ್ನು ಚಿಪ್ ವಿದ್ಯೆ ಕಲಿಯೋಕೆ ಅಮೆರಿಕದ ಆರ್‌ಸಿಎ ಕಂಪನಿಗೆ ಕಳಿಸಿತು. 1980ರಲ್ಲಿ ಎರಡು ವಿಶ್ವವಿದ್ಯಾಲಯಗಳ ಮಗ್ಗುಲಲ್ಲೇ ಸೈನ್ಸ್ ಪಾರ್ಕ್ ತೆರೆಯಿತು. ಇಟ್ರಿಯಿಂದ 1980ರಲ್ಲಿ ಯುಎಂಸಿ, 1987ರಲ್ಲಿ ಟಿಎಸ್‌ಎಂಸಿ ಹೊರಬಂದವು. ಯುಎಂಸಿಯಿಂದ 1997ರಲ್ಲಿ ಮೀಡಿಯಾಟೆಕ್ ಹುಟ್ಟಿತು. ಒಂದು ಮನೆಯಿಂದ ಇನ್ನೊಂದು ಮನೆ ಬೇರೆಯಾದ ಹಾಗೆ. ಆದ್ರೆ ಎಲ್ಲರೂ ಅದೇ ಊರಲ್ಲಿ ಉಳಿದರು.

ಬೆಂಗಳೂರಿನ ಕಥೆಯೂ ಒಂದೇ ದಿನದ್ದಲ್ಲ. 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಬಂದವು. 1976ರಲ್ಲಿ ಕಿಯೋನಿಕ್ಸ್ ಶುರುವಾಯಿತು. ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗಾ ಅವರು ಕೋನಪ್ಪನ ಅಗ್ರಹಾರದ ಕಡೆ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಸ್ಯಾಟಲೈಟ್ ಲಿಂಕ್ ಮೂಲಕ ಇಲ್ಲಿನ ಕೆಲಸವನ್ನು ಅಮೆರಿಕಕ್ಕೆ ಕಳಿಸತೊಡಗಿತು. ಆ ಕಂಪನಿಯ ಭಾರತದ ಮುಖ್ಯಸ್ಥರಾಗಿದ್ದ ಶ್ರೀನಿ ರಾಜಮ್ 2001ರಲ್ಲಿ ಸಹೋದ್ಯೋಗಿಗಳ ಜೊತೆ ಹೊರಬಂದು ಇಟ್ಟಿಯಂ ಕಟ್ಟಿದರು. ಇಂಥ ಹೊರಬರುವಿಕೆಗಳಿಂದಲೇ ಹಬ್ ದಪ್ಪ ಆಗೋದು.

ಬೆಂಗಳೂರಿಗೂ ಒಂದು ಕೊರತೆ ಇದೆ. ಜಗತ್ತಿನ ಚಿಪ್ ಡಿಸೈನ್ ಎಂಜಿನಿಯರ್‌ಗಳಲ್ಲಿ ಸುಮಾರು 20 ಪರ್ಸೆಂಟ್ ಭಾರತದಲ್ಲಿದ್ದಾರೆ ಅಂತ ನಮ್ಮ ಸರ್ಕಾರ ಹೇಳುತ್ತೆ. ಆದ್ರೆ ಅವರಲ್ಲಿ ಬಹಳ ಜನ ಕೆಲಸ ಮಾಡೋದು ವಿದೇಶಿ ಕಂಪನಿಗಳಿಗೆ. ಪ್ಲಾನ್ ನಮ್ಮವರು ಹಾಕ್ತಾರೆ, ಮನೆಯ ಪತ್ರ ಬೇರೆಯವರ ಹೆಸರಲ್ಲಿರುತ್ತೆ.

ಮೈಸೂರಿನಲ್ಲಿ ಏನಿದೆ, ಏನಿಲ್ಲ

ಇರೋದು ಕಮ್ಮಿ ಏನಿಲ್ಲ. ಎನ್‌ಐಇ 1946ರಿಂದ, ಎಸ್‌ಜೆಸಿಇ 1963ರಿಂದ ಎಂಜಿನಿಯರ್‌ಗಳನ್ನು ತಯಾರು ಮಾಡ್ತಿವೆ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಪಿಸಿಬಿ ಮಾಡುತ್ತೆ. ಅಂಥ ಬೋರ್ಡ್‌ಗಳ ಮೇಲೆ ಚಿಪ್ ಕೂರಿಸಿ ಪೂರ್ತಿ ಉಪಕರಣ ಮಾಡೋ ಕೇನ್ಸ್, ಸೈಯೆಂಟ್ ಡಿಎಲ್‌ಎಂ ಘಟಕಗಳು ಮೈಸೂರಲ್ಲೇ ಇವೆ. ಅಂದ್ರೆ ಬೋರ್ಡ್ ಇದೆ, ಜೋಡಿಸೋ ಕೈಗಳಿವೆ, ಓದಿದವರಿದ್ದಾರೆ. ನಡುವೆ ಇರಬೇಕಾದ ಚಿಪ್ ಡಿಸೈನ್ ಕಂಪನಿಗಳ ಸಾಲು ಮಾತ್ರ ಬೆಂಗಳೂರಲ್ಲಿ ಕೂತಿದೆ.

ಬೆಂಗಳೂರು ಹತ್ತಿರ ಇರೋದು ಲಾಭವೂ ಹೌದು, ನಷ್ಟವೂ ಹೌದು. ಮೀಟಿಂಗ್‌ಗೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಆದ್ರೆ ಅದೇ ರಸ್ತೆಯಲ್ಲಿ ನಮ್ಮ ಸೀನಿಯರ್‌ಗಳು ಹೋದರೆ ಬರೋದು ಹಬ್ಬಕ್ಕೆ ಮಾತ್ರ.

ಹಾಗಾದ್ರೆ ಏನು ಬೇಕು? ಒಂದು ದೊಡ್ಡ ಫ್ಯಾಬ್‌ಗಿಂತ ಮೊದಲು, ಇಪ್ಪತ್ತು-ಮೂವತ್ತು ಜನರ ಸಣ್ಣ ಡಿಸೈನ್ ಆಫೀಸುಗಳು ಐದಾರು ಬೇಕು. ಇಂಥವರಿಗೆ ದೊಡ್ಡ ತಲೆನೋವು ಸಾಫ್ಟ್‌ವೇರ್ ಲೈಸೆನ್ಸ್ ಬೆಲೆ. ಕೇಂದ್ರದ ಡಿಎಲ್‌ಐ ಯೋಜನೆ ದೇಶೀ ಡಿಸೈನ್ ಕಂಪನಿಗಳಿಗೆ ಅರ್ಹ ವೆಚ್ಚದ ಅರ್ಧದವರೆಗೆ, 15 ಕೋಟಿ ರೂಪಾಯಿ ಮಿತಿಯಲ್ಲಿ, ವಾಪಸ್ ಕೊಡುತ್ತೆ. ಒಂದು ಫ್ಯಾಬ್‌ಗೆ ಹಾಕೋ ದುಡ್ಡಿನ ಮುಂದೆ ಇದು ಚಿಲ್ಲರೆ. ರಾಜ್ಯ ಸರ್ಕಾರ ಮೈಸೂರಲ್ಲಿ ಎಲ್ಲರೂ ಹಂಚಿಕೊಂಡು ಬಳಸೋ ಒಂದು ಡಿಸೈನ್ ಮತ್ತು ಟೆಸ್ಟಿಂಗ್ ಲ್ಯಾಬ್ ಮಾಡಿದರೆ, ಎಕರೆಗಟ್ಟಲೆ ಜಾಗ ಕೊಡೋದಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತೆ ಅನ್ನೋದು ನಮ್ಮ ಅಭಿಪ್ರಾಯ.

ನಮ್ಮ ಕೈಯಲ್ಲಿರೋದು

1978ರಲ್ಲಿ ಲಿನ್ ಕಾನ್ವೇ ಅವರು ಅಮೆರಿಕದ ಎಂಐಟಿಯಲ್ಲಿ ಒಂದು ಕೋರ್ಸ್ ನಡೆಸಿದರು. ವಿದ್ಯಾರ್ಥಿಗಳು ಮಾಡಿದ ಡಿಸೈನ್‌ಗಳನ್ನೆಲ್ಲ ಸೇರಿಸಿ ನಿಜವಾದ ಚಿಪ್ ಮಾಡಿಸಿ ಅವರ ಕೈಗೇ ಕೊಟ್ಟರು. ಒಂದೇ ವೇಫರ್ ಮೇಲೆ ಹಲವರ ಡಿಸೈನ್ ಹಾಕಿ ಖರ್ಚು ಹಂಚಿಕೊಳ್ಳೋ ಈ ಉಪಾಯ ಆಮೇಲೆ ಎಷ್ಟೋ ಕಾಲೇಜುಗಳಿಗೆ ಹರಡಿತು. ನಮ್ಮಲ್ಲೂ ಈಗ ಚಿಪ್ಸ್ ಟು ಸ್ಟಾರ್ಟಪ್ ಅನ್ನೋ ಕೇಂದ್ರದ ಯೋಜನೆ ಇದೆ. ಸೇರಿರೋ ಕಾಲೇಜುಗಳಿಗೆ ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರೋ ಚಿಪ್‌ಇನ್ ಕೇಂದ್ರದಿಂದ ಡಿಸೈನ್ ಸಾಫ್ಟ್‌ವೇರ್ ಸಿಗುತ್ತೆ. ವಿದ್ಯಾರ್ಥಿಗಳ ಚಿಪ್‌ಗಳು ಮೊಹಾಲಿಯ ಎಸ್‌ಸಿಎಲ್‌ನಲ್ಲಿ 180 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ತಯಾರಾಗ್ತವೆ. 180 ಅಂದ್ರೆ ಹಳೇದು ಅಂತ ಮೂಗು ಮುರೀಬೇಡಿ. ಇಸ್ರೋ ರಾಕೆಟ್‌ಗಳಿಗಾಗಿ ಮಾಡಿದ ವಿಕ್ರಮ್ 32-ಬಿಟ್ ಪ್ರೊಸೆಸರ್ ಕೂಡ ಅಲ್ಲಿಯದೇ, ಅದೇ 180.

ನಮ್ಮ ಕಾಲೇಜು ಯಾವ ಯೋಜನೆಗೂ ಸೇರಿಲ್ಲ ಅಂತ ಕಾಯ್ತಾ ಕೂರೋದೂ ಬೇಡ. ಗೂಗಲ್ ಮತ್ತು ಸ್ಕೈವಾಟರ್ 2020ರಲ್ಲಿ 130 ನ್ಯಾನೋಮೀಟರ್ ಡಿಸೈನ್ ಕಿಟ್ ಅನ್ನು ಎಲ್ಲರಿಗೂ ಫ್ರೀಯಾಗಿ ಬಿಟ್ಟವು. ಐಕರಸ್ ವೆರಿಲಾಗ್, ಓಪನ್‌ಲೇನ್ ಎರಡಕ್ಕೂ ದುಡ್ಡಿಲ್ಲ, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡ್ತವೆ. ಇವನ್ನು ಇಟ್ಕೊಂಡು ಒಂದು ಸಣ್ಣ ಕೌಂಟರ್ ಅನ್ನು ಕೋಡ್‌ನಿಂದ ಲೇಔಟ್‌ವರೆಗೆ ತಗೊಂಡು ಹೋಗಬಹುದು. ಪ್ಲೇಸ್‌ಮೆಂಟ್‌ನಲ್ಲಿ "ವಿಎಲ್‌ಎಸ್‌ಐ ಸಬ್ಜೆಕ್ಟ್ ಓದಿದ್ದೀನಿ" ಅನ್ನೋದಕ್ಕೂ "ಲೇಔಟ್ ಮಾಡಿದ್ದೀನಿ, ಟೈಮಿಂಗ್ ಎಲ್ಲಿ ತಪ್ಪಿತ್ತು, ಹೇಗೆ ಸರಿ ಮಾಡಿದೆ ಅಂತ ಹೇಳ್ತೀನಿ" ಅನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ.

ಸಿವಿಲ್, ಮೆಕ್ಯಾನಿಕಲ್‌ನವರಿಗೂ ಮಾತು ಕೊಟ್ಟಿದ್ವಿ. ಚಿಪ್‌ನ ಬಿಸಿ ಹೊರಗೆ ಹಾಕೋದು ಮೆಕ್ಯಾನಿಕಲ್ ಕೆಲಸ. ಕ್ಲೀನ್‌ರೂಮ್, ನೀರು ಮರುಬಳಕೆ ಸಿವಿಲ್ ಕೆಲಸ. ಹಬ್ ಆಗೋ ಊರಿಗೆ ಎಲ್ಲರೂ ಬೇಕು.

ಬೆಂಗಳೂರಿಗೆ ಹೋಗಬೇಡಿ ಅಂತ ನಾವು ಹೇಳ್ತಿಲ್ಲ. ನಮ್ಮಲ್ಲೂ ಅರ್ಧ ಜನ ಹೋಗೇ ಹೋಗ್ತೀವಿ, ಅಲ್ಲಿ ಕಲಿಯೋದು ಬಹಳ ಇದೆ. ಆರ್‌ಸಿಎಗೆ ಹೋಗಿದ್ದ ತೈವಾನಿನ ಹುಡುಗರೂ ಕಲಿಯೋಕೇ ಹೋಗಿದ್ದು. ಅವರು ವಾಪಸ್ ಬಂದಾಗ ಊರಲ್ಲಿ ಕೆಲಸ ಮಾಡೋಕೆ ಒಂದು ಜಾಗ ಇತ್ತು. ಮೈಸೂರಲ್ಲಿ ಸದ್ಯಕ್ಕೆ ಕೊರತೆ ಇರೋದು ಅದೇ.

ಈ ಸೆಮಿಸ್ಟರ್ ನಾವು ನಾಲ್ಕೈದು ಜನ ಸೇರಿ ಶನಿವಾರ ಮಧ್ಯಾಹ್ನ ಓಪನ್‌ಲೇನ್ ಕಲಿಯೋಕೆ ಶುರು ಮಾಡ್ತಿದ್ದೀವಿ. ಯಾವ ಬ್ರಾಂಚ್ ಆದ್ರೂ ಪರವಾಗಿಲ್ಲ. ಲ್ಯಾಪ್‌ಟಾಪ್ ತನ್ನಿ, ಚಾರ್ಜರ್ ಮರೀಬೇಡಿ. ಲ್ಯಾಬಲ್ಲಿ ಪ್ಲಗ್ ಪಾಯಿಂಟ್ ಎರಡೇ ಇರೋದು.