ವಿಮಾನದಲ್ಲಿ ಕಾಲು ಚಾಚಿ ಮಲಗುವ ಭಾಗ್ಯ

ಮಗಳ ಬಾಣಂತನಕ್ಕೆ ಅಮೆರಿಕಕ್ಕೋ, ಮೊಮ್ಮಗುವನ್ನು ನೋಡಿಕೊಳ್ಳಲು ಆಸ್ಟ್ರೇಲಿಯಕ್ಕೋ ಹೋಗಿಬಂದ ತಾಯಂದಿರು ಈಗ ನಮ್ಮ ಕೊಡಗಿನಲ್ಲಿ ಊರೂರಿಗೂ ಸಿಗುತ್ತಾರೆ. ಮದುವೆಮನೆಯ ಊಟದ ಸಾಲಿನಲ್ಲಿ ಕೂತರೆ ಪಕ್ಕದವರ ಮಾತು ಕಾಳುಮೆಣಸಿನ ದರದಿಂದ ಹೊರಟು ವೀಸಾಕ್ಕೆ ಬಂದು ನಿಲ್ಲುತ್ತದೆ. 1852ರಲ್ಲಿ ನಮ್ಮ ಚಿಕ್ಕವೀರರಾಜೇಂದ್ರ ಒಡೆಯರು ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದದ್ದು ಹಡಗಿನಲ್ಲಿ. ಆ ಮಗು ಮತ್ತೆ ಕೊಡಗಿನ ಮಣ್ಣು ಮೆಟ್ಟಲಿಲ್ಲ, 1864ರಲ್ಲಿ ಅಲ್ಲೇ ತೀರಿಕೊಂಡಳು. ಈಗ ಅದೇ ದೂರ ಹತ್ತು ಹನ್ನೊಂದು ಗಂಟೆಯ ಹಾರಾಟ. ಮಕ್ಕಳು ದೂರ ಹೋದರೂ ಕೈಗೆ ಸಿಗುತ್ತಾರೆ ಎಂಬುದೇ ನಮ್ಮ ಕಾಲದ ದೊಡ್ಡ ಸಮಾಧಾನ.

ಆದರೆ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. “ಅಮ್ಮಾ, ಈ ಸಲ ಬಿಸಿನೆಸ್ ಕ್ಲಾಸಿನಲ್ಲಿ ಬಾ, ಟಿಕೆಟ್ ನಾನು ತೆಗೀತೀನಿ” ಅಂತ ಮಗ ಹೇಳುತ್ತಾನೆ. “ಅಯ್ಯೋ, ಅಷ್ಟು ದುಡ್ಡು ಸುರಿದು ನಾನೇನು ಮಹಾರಾಣಿಯ ಹಾಗೆ ಬರಬೇಕೇನೋ? ಅದರಲ್ಲಿ ತೋಟಕ್ಕೊಂದು ಪಂಪು ಬರುತ್ತೆ” ಎಂದು ತಾಯಿ ಬಾಯಿ ಮುಚ್ಚಿಸುತ್ತಾಳೆ. ಈ ‘ಬೇಡ’ದ ಹಿಂದೆ ದುಡ್ಡಿನ ಚಿಂತೆ ಒಂದಾದರೆ, ಅಲ್ಲಿ ಹೇಗೆ ನಡೆದುಕೊಳ್ಳಬೇಕೋ ಎಂಬ ಸಂಕೋಚ ಇನ್ನೊಂದು. ನಮ್ಮ ಅತ್ತೆಯವರೂ ಹೀಗೇ ಅಂದಿದ್ದರು. ಜರ್ಮನಿಯಲ್ಲಿರುವ ನಾದಿನಿ ಹಟ ಹಿಡಿದು ಅವರಿಗೂ ಜೊತೆಗೆ ಹೊರಟ ನನಗೂ ಹೋಗುವಾಗ ಬಿಸಿನೆಸ್, ಬರುವಾಗ ಸಾದಾ ಟಿಕೆಟ್ ಮಾಡಿಸಿದಳು. ಎರಡನ್ನೂ ಕಂಡದ್ದರಿಂದ ಸೋದರಿಯರಿಗೆ ನಾಲ್ಕು ಮಾತು ತಿಳಿಸೋಣ ಎನ್ನಿಸಿತು.

ಏನಿದು ಬಿಸಿನೆಸ್ ಕ್ಲಾಸ್?

ಹೆಸರು ಕೇಳಿ ವ್ಯಾಪಾರಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ದುಡ್ಡು ಕೊಟ್ಟ ಯಾರಿಗೂ ಅದು ಸಿಗುತ್ತದೆ. ಕಂಪೆನಿ ಕೆಲಸಕ್ಕೆಂದು ಪೂರ್ತಿ ದರ ಕೊಟ್ಟು ಓಡಾಡುವವರಿಗಾಗಿ ಈ ಏರ್ಪಾಡು ಹುಟ್ಟಿತು. ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆ 1979ರಲ್ಲೇ ಇದನ್ನು ಶುರುಮಾಡಿತು. ಆಗ ಅದು ಸ್ವಲ್ಪ ಅಗಲದ, ಹಿಂದಕ್ಕೆ ವಾಲುವ ಕುರ್ಚಿ, ಅಷ್ಟೆ. ಪೂರ್ತಿ ಚಪ್ಪಟೆಯಾಗಿ ಮಂಚದಂತಾಗುವ ಸೀಟನ್ನು ಬಿಸಿನೆಸ್ ಕ್ಲಾಸಿಗೆ 2000ದಲ್ಲಿ ತಂದದ್ದು ಬ್ರಿಟಿಷ್ ಏರ್‌ವೇಸ್. ಈಗ ದೂರದ ವಿಮಾನಗಳಲ್ಲಿ ಹೆಚ್ಚಾಗಿ ಇಂಥವೇ ಇವೆ.

ಇಕಾನಮಿ ಎನ್ನುವ ಸಾದಾ ವಿಭಾಗದಲ್ಲಿ ಸೀಟಿನ ಅಗಲ 17–18 ಅಂಗುಲ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ 31–32 ಅಂಗುಲ. ಬಿಸಿನೆಸ್ಸಿನ ಹಾಸಿಗೆಯಾದರೆ ಆರು, ಆರೂವರೆ ಅಡಿ ಉದ್ದ. ಊಟ, ಉಪಚಾರ, ಬಿಸಿ ಟವೆಲು ಎಲ್ಲ ಅದರ ಮೇಲಿನ ಒಗ್ಗರಣೆ. ನೀವು ಕೊಡುವ ಹೆಚ್ಚಿನ ಹಣ ಮುಖ್ಯವಾಗಿ ಕಾಲು ಚಾಚಿ ಮಲಗುವುದಕ್ಕೇ.

ನಮ್ಮ ದಣಿವು ಮನೆಬಾಗಿಲಿನಿಂದಲೇ ಶುರು

ಬೆಂಗಳೂರಿನವರಿಗೂ ನಮಗೂ ಇಲ್ಲಿ ವ್ಯತ್ಯಾಸವಿದೆ. ನಮ್ಮ ಜಿಲ್ಲೆಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ವಿರಾಜಪೇಟೆಯವರು ಮಾಕುಟ್ಟದ ಘಾಟಿ ಇಳಿದು ಮಟ್ಟನ್ನೂರಿನ ಕಣ್ಣೂರು ವಿಮಾನ ನಿಲ್ದಾಣ ಸೇರಬಹುದು. 2018ರ ಡಿಸೆಂಬರಿನಲ್ಲಿ ಶುರುವಾದ ಈ ನಿಲ್ದಾಣ ಗಲ್ಫ್ ಕಡೆಗೆ ಹೋಗುವವರಿಗೆ ಅನುಕೂಲ. ಯೂರೋಪು, ಅಮೆರಿಕದ ಕಡೆಗಾದರೆ ಬೆಂಗಳೂರಿಗೇ ಹೋಗಬೇಕು. ಮಡಿಕೇರಿಯಿಂದ ಸುಮಾರು 260 ಕಿ.ಮೀ., ಅಲ್ಲಿಂದ ದೇವನಹಳ್ಳಿಯ ಹತ್ತಿರದ ನಿಲ್ದಾಣಕ್ಕೆ ಇನ್ನೊಂದು 35 ಕಿ.ಮೀ. ಯೂರೋಪಿನ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಮೂರು ಗಂಟೆ ಮುಂಚೆ ಅಲ್ಲಿರಬೇಕು. ಅಂದರೆ ಮಧ್ಯಾಹ್ನದ ಊಟ ಮುಗಿಸಿ ಮನೆ ಬಿಟ್ಟವರು ವಿಮಾನ ಹತ್ತುವ ಹೊತ್ತಿಗಾಗಲೇ ಹನ್ನೆರಡು ಗಂಟೆ ಕಾಲು ಇಳಿಬಿಟ್ಟು ಕೂತಾಗಿರುತ್ತದೆ! ಮಳೆಗಾಲದಲ್ಲಿ ಮರ ಬಿದ್ದೋ ಗುಡ್ಡ ಜರಿದೋ ದಾರಿ ಕಟ್ಟುವುದೂ ಉಂಟು. 2018ರ ಆಗಸ್ಟನ್ನು ನಾವ್ಯಾರೂ ಮರೆತಿಲ್ಲ. ಆ ತಿಂಗಳುಗಳಲ್ಲಿ ಒಂದು ದಿನ ಮುಂಚೆ ಹೋಗಿ ನೆಂಟರ ಮನೆಯಲ್ಲಿ ಉಳಿಯುವುದೇ ಲೇಸು.

ನಿಲ್ದಾಣದಲ್ಲಿ

ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ಪರದೇಶದ ವಿಮಾನಗಳು ಎರಡನೇ ಟರ್ಮಿನಲ್ಲಿನಿಂದ ಹೊರಡುತ್ತವೆ. ಬಿಸಿನೆಸ್ ಕ್ಲಾಸಿನವರಿಗೆ ಪೆಟ್ಟಿಗೆ ಒಪ್ಪಿಸಲು ಬೇರೆ ಕೌಂಟರ್ ಇರುತ್ತದೆ. ಉದ್ದದ ಸಾಲು ನೋಡಿ ಅದರ ಬಾಲದಲ್ಲಿ ನಿಂತುಬಿಡಬೇಡಿ. ಪೆಟ್ಟಿಗೆಯ ತೂಕದಲ್ಲೂ ರಿಯಾಯಿತಿಯುಂಟು. ಸಾದಾ ಟಿಕೆಟಿಗೆ ಪೆಟ್ಟಿಗೆಯೊಂದಕ್ಕೆ 23 ಕಿಲೋ ಇದ್ದರೆ ಇಲ್ಲಿ ಸಾಮಾನ್ಯವಾಗಿ 32 ಕಿಲೋ. ನಿಮಗೆ ಎಷ್ಟೆಂಬುದು ಟಿಕೆಟಿನಲ್ಲೇ ಬರೆದಿರುತ್ತದೆ, ಮನೆಯಲ್ಲೇ ತೂಗಿ ಕಟ್ಟಿ.

ಪಾಸ್‌ಪೋರ್ಟ್ ತಪಾಸಣೆ ಮುಗಿದ ಮೇಲೆ ‘ಲಾಂಜ್’ ಎಂಬ ವಿಶ್ರಾಂತಿ ಕೋಣೆ. ಬೋರ್ಡಿಂಗ್ ಪಾಸ್ ತೋರಿಸಿದರೆ ಒಳಗೆ ಬಿಡುತ್ತಾರೆ. ಅಲ್ಲಿನ ತಿಂಡಿ, ಊಟ, ಕಾಫಿಗೆ ಬೇರೆ ದುಡ್ಡಿಲ್ಲ. ಕೆಲವು ಕಡೆ ಸ್ನಾನಕ್ಕೂ ವ್ಯವಸ್ಥೆಯಿದೆ. ನಮ್ಮಂತೆ ಘಾಟಿ ಇಳಿದು ಬಂದವರಿಗೆ ಒಂದು ಬಿಸಿನೀರ ಸ್ನಾನ ಅರ್ಧ ದಣಿವು ಕಳೆಯುತ್ತದೆ. ಇಲ್ಲಿಯೇ ರಾತ್ರಿಯೂಟ ಮುಗಿಸಿದರೆ ವಿಮಾನದಲ್ಲಿ ಊಟಕ್ಕೆ ಕಾಯದೆ ನೇರ ಮಲಗಬಹುದು. ಒಂದು ಎಚ್ಚರಿಕೆ: ಎಲ್ಲ ಲಾಂಜ್‌ಗಳಲ್ಲೂ ವಿಮಾನದ ಕರೆ ಕೂಗಿ ಹೇಳುವುದಿಲ್ಲ. ಗಡಿಯಾರದ ಮೇಲೆ ಕಣ್ಣಿರಲಿ.

ಸೀಟಿನಲ್ಲಿ ಕೂತ ಮೇಲೆ

ಕೂತ ಕೂಡಲೇ ಗಗನಸಖಿ ನಿಮ್ಮ ಹೆಸರು ಹಿಡಿದು ಮಾತನಾಡಿಸಿ ಹಣ್ಣಿನ ರಸವನ್ನೋ ನೀರನ್ನೋ ತರುತ್ತಾಳೆ. ಇದಕ್ಕೆ ಬೇರೆ ಹಣವಿಲ್ಲ, ಭಕ್ಷೀಸೂ ಕೊಡಬೇಕಾಗಿಲ್ಲ. ಸೀಟಿನ ಪಕ್ಕದಲ್ಲಿ ಗುಂಡಿಗಳಿರುತ್ತವೆ: ಒಂದು ಕೂರಲು, ಒಂದು ಒರಗಲು, ಒಂದು ಮಲಗಲು. ವಿಮಾನ ಏರುವಾಗ, ಇಳಿಯುವಾಗ ಸೀಟು ನೆಟ್ಟಗಿರಬೇಕು. ಅಷ್ಟರ ನಡುವೆ ಹೇಗೆ ಬೇಕಾದರೂ ಇರಿ. ಗೊತ್ತಾಗದಿದ್ದರೆ ಕರೆಗುಂಡಿ ಒತ್ತಿ ಕೇಳಿ. ಎಷ್ಟೋ ಹೆಂಗಸರು “ಪಾಪ, ಅವಳಿಗ್ಯಾಕೆ ತೊಂದರೆ” ಎಂದು ಹತ್ತು ಗಂಟೆಯೂ ನೆಟ್ಟಗೆ ಕೂತೇ ಬಂದುಬಿಡುತ್ತಾರಂತೆ. ಹಾಗೆ ಕೂತು ಬರುವುದಾದರೆ ಈ ಟಿಕೆಟ್ ಯಾತಕ್ಕೆ?

ಇಂಗ್ಲಿಷು ಬಾರದವರು ಮಕ್ಕಳಿಂದ ಒಂದು ಚೀಟಿ ಬರೆಸಿ ಪರ್ಸಿನಲ್ಲಿಟ್ಟುಕೊಳ್ಳಿ. “ನನ್ನ ಸೀಟನ್ನು ಹಾಸಿಗೆ ಮಾಡಿಕೊಡಿ”, “ಊಟಕ್ಕೆ ಎಬ್ಬಿಸಬೇಡಿ”, “ಬಿಸಿನೀರು ಬೇಕು”, “ನನಗೆ ಸಕ್ಕರೆ ಕಾಯಿಲೆಯಿದೆ” ಎಂಬ ನಾಲ್ಕು ಸಾಲು ಸಾಕು, ತೋರಿಸಿದರಾಯಿತು.

ಉಡುಪಿನ ವಿಷಯ. ಹಿಂದಕ್ಕೆ ನೆರಿಗೆ ಸಿಕ್ಕಿಸುವ ನಮ್ಮ ಕೊಡವ ಸೀರೆ ನೋಡಲು ಚೆಂದವೇ, ಆದರೆ ಬೆನ್ನ ಮೇಲೆ ಮಲಗಲು ತೊಡಕು. ಸಡಿಲವಾದ ಚೂಡಿದಾರ, ಮೇಲೊಂದು ಸ್ವೆಟರ್, ಕಾಲಿಗೆ ಚೀಲ ಅನುಕೂಲ. ಮಲಗುವಾಗ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿ. ವಿಮಾನ ಕುಲುಕಿದಾಗ ಬೆಲ್ಟ್ ನೋಡಲೆಂದು ನಿಮ್ಮನ್ನು ಎಬ್ಬಿಸುವುದು ತಪ್ಪುತ್ತದೆ.

ಊಟ–ಪಾನೀಯ

ಮೇಜಿಗೆ ಬಟ್ಟೆ ಹಾಸಿ, ಪಿಂಗಾಣಿ ತಟ್ಟೆಯಲ್ಲಿ ಒಂದೊಂದೇ ಬಗೆ ಬಡಿಸುತ್ತಾರೆ. ಮೊದಲು ಬಂದ ಸಣ್ಣ ತಟ್ಟೆಯೇ ಊಟ ಎಂದುಕೊಂಡು ಬ್ರೆಡ್ಡಿನಲ್ಲೇ ಹೊಟ್ಟೆ ತುಂಬಿಸಬೇಡಿ! ಬೇಕಾದ ಊಟವನ್ನು ಕಡೇ ಪಕ್ಷ 24 ಗಂಟೆ ಮುಂಚೆ ಹೇಳಿರಬೇಕು, ಇದು ಯಾವ ಕ್ಲಾಸಿನಲ್ಲಾದರೂ ಸರಿಯೆ. ‘ಏಷ್ಯನ್ ವೆಜಿಟೇರಿಯನ್’ ಎಂದರೆ ನಮ್ಮ ಕಡೆಯ ರುಚಿಯ ಸಸ್ಯಾಹಾರ. ‘ಹಿಂದೂ ಮೀಲ್’ ಎಂದರೆ ದನದ ಮಾಂಸವಿಲ್ಲದ, ಕೋಳಿ ಕುರಿ ಮೀನು ಇರಬಹುದಾದ ಊಟ. ಹೆಸರು ನೋಡಿ ಸಸ್ಯಾಹಾರವೆಂದು ಮೋಸ ಹೋಗಬಾರದು.

ಅಡಿಗೆ ಸಪ್ಪೆ ಎನ್ನಿಸಿದರೆ ಅಡಿಗೆಯವನನ್ನು ಬೈಯಬೇಡಿ. ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು. ನಮ್ಮ ತಡಿಯಂಡಮೋಳ್ ಇರುವುದೇ 1,748 ಮೀಟರ್! ಅದರ ಜೊತೆಗೆ ಗಾಳಿ ಬಹಳ ಒಣ. ಮಳೆಗಾಲದಲ್ಲಿ ಒಲೆಯ ಮೇಲೆ ಕಟ್ಟಿದರೂ ಬಟ್ಟೆ ಒಣಗದ ನಮ್ಮೂರಿನವರಿಗೆ ಇದು ಹೊಸದು. ಮೂಗು, ನಾಲಗೆ ಒಣಗಿ ಉಪ್ಪು, ಸಿಹಿ ಮಂದವಾಗುತ್ತವೆ. ಗಂಟೆಗೊಮ್ಮೆ ನೀರು ಕುಡಿಯಿರಿ. ತುಟಿಗೆ ತುಪ್ಪವನ್ನೋ ವ್ಯಾಸಲೀನನ್ನೋ ಸವರಿಕೊಳ್ಳಿ.

ಜೊತೆಗೆ ಬರುವ ಯಜಮಾನರಿಗೂ ಒಂದು ಮಾತು. ಇಲ್ಲಿ ಮದ್ಯ ಪುಕ್ಕಟೆ, ಕೇಳಿದಷ್ಟೂ ಕೊಡುತ್ತಾರೆ. ಒಣಗಾಳಿಯಲ್ಲಿ ಅದು ಮೈಯ ನೀರನ್ನೂ ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ನಮ್ಮ ಕೊಡಗಿನ ಗಂಡಸರಿಗೆ ಇದನ್ನು ಹೇಳುವುದು ಕಷ್ಟವೇ, ಆದರೂ ಹೇಳಿ!

ಕಾಲಿನ ಕಾಳಜಿ

ತುಂಬ ಹೊತ್ತು ಅಲುಗದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ತಿಳಿಸಿದಂತೆ, ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣದಿಂದ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಆದರೂ ಅದು ಆರು ಸಾವಿರಕ್ಕೊಬ್ಬರಿಗೆ ಎನ್ನುವಷ್ಟು ಅಪರೂಪ, ಹೆದರಬೇಕಾಗಿಲ್ಲ. ಬಿಸಿನೆಸ್ ಕ್ಲಾಸಿನವರಿಗೆ ಇದು ಬಾರದು ಎಂಬುದು ತಪ್ಪು ತಿಳಿವಳಿಕೆ. ಸುಖವಾಗಿದೆಯೆಂದು ಅಲುಗದೆ ಬಿದ್ದುಕೊಂಡವರಿಗೂ ಬರಬಹುದು. ಎಚ್ಚರವಾದಾಗಲೆಲ್ಲ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಕಾಲಿನ ನರ ಉಬ್ಬಿದವರು, ಈಚೆಗೆ ಆಪರೇಷನ್ ಆದವರು ಹೊರಡುವ ಮುಂಚೆ ಡಾಕ್ಟರನ್ನು ಕಂಡು, ಬಿಗಿ ಕಾಲುಚೀಲ ಬೇಕೇ ಎಂದು ಕೇಳಿ. ಮಾತ್ರೆಗಳು ಡಾಕ್ಟರ ಚೀಟಿಯ ಸಮೇತ ಕೈಚೀಲದಲ್ಲೇ ಇರಲಿ.

ನಮ್ಮ ಅತ್ತೆಯವರಲ್ಲಿ ಕಂಡದ್ದನ್ನು ಹೇಳುತ್ತೇನೆ. ಹೋಗುವಾಗ ಆರು ಗಂಟೆ ಮಲಗಿದ್ದರು, ಅಲ್ಲಿ ಇಳಿದ ದಿನವೇ ಮಗಳ ಅಡಿಗೆಮನೆ ಹೊಕ್ಕು ಕಡಂಬಟ್ಟು ಬೇಯಿಸಿದರು. ಬರುವಾಗ ಸಾದಾ ಸೀಟಿನಲ್ಲಿ ಕೂತು ಬಂದು, ಪಾದ ಊದಿ ಎರಡು ದಿನ ಚಪ್ಪಲಿ ಹಿಡಿಸಲಿಲ್ಲ. ಎಪ್ಪತ್ತೆರಡರ ಮೈ ಅದು.

ಟಿಕೆಟ್ ತೆಗೆಯುವ ಮುಂಚೆ

ಬಿಸಿನೆಸ್ ಕ್ಲಾಸಿನ ದರ ಸಾಮಾನ್ಯವಾಗಿ ಸಾದಾ ದರದ ಮೂರು ನಾಲ್ಕು ಪಟ್ಟು. ತೆರಿಗೆಯೂ ಹೆಚ್ಚು: 2025ರ ಸೆಪ್ಟೆಂಬರ್ 22ರಿಂದ ಇದರ ಜಿ.ಎಸ್.ಟಿ. ಶೇಕಡಾ 12ರಿಂದ 18ಕ್ಕೆ ಏರಿತು. ಸಾದಾ ಟಿಕೆಟಿಗೆ ಶೇಕಡಾ 5 ಮಾತ್ರ. ಆದ್ದರಿಂದ ಮಕ್ಕಳ ಹತ್ತಿರ ಇಷ್ಟನ್ನು ವಿಚಾರಿಸಿ:

ಒಂದು, ಸೀಟು ಪೂರ್ತಿ ಮಲಗುವಂಥದೋ, ಬರೀ ವಾಲುವಂಥದೋ? ಹಳೆಯ ವಿಮಾನಗಳಲ್ಲಿ ಇಳಿಜಾರಾಗಿ ಜಾರುವ ಸೀಟುಗಳೂ ಇವೆ.

ಎರಡು, ದಾರಿಯಲ್ಲಿ ವಿಮಾನ ಬದಲಾಯಿಸುವುದಿದ್ದರೆ ಎರಡೂ ತುಂಡಿನಲ್ಲಿ ಹಾಸಿಗೆಯಿದೆಯೇ? ಬೆಂಗಳೂರಿನಿಂದ ದೆಹಲಿಗೋ ಮುಂಬಯಿಗೋ ಹೋಗುವ ಸಣ್ಣ ವಿಮಾನದಲ್ಲಿ ಬರೀ ಅಗಲದ ಕುರ್ಚಿಯಿರಬಹುದು.

ಮೂರು, ನಡೆಯುವ ದಾರಿಗೆ ಅಂಟಿದ ಸೀಟೋ, ಪಕ್ಕದವರನ್ನು ದಾಟಬೇಕೋ? ಮಂಡಿನೋವಿನವರಿಗೆ ಇದು ಮುಖ್ಯ.

ನಾಲ್ಕು, ಎರಡೂ ಕಡೆಗೆ ಆಗದಿದ್ದರೆ ರಾತ್ರಿಯ ಪ್ರಯಾಣಕ್ಕೆ ಮಾತ್ರ ಬಿಸಿನೆಸ್ ತೆಗೆಯಬಹುದೇ? ಮಕ್ಕಳು ಕೂಡಿಸಿಟ್ಟ ಮೈಲು–ಪಾಯಿಂಟುಗಳಲ್ಲಿ ಸಿಗುವುದೇ?

ದುಡ್ಡಿಲ್ಲದೆಯೂ ಸಿಗುವುದು

ಟಿಕೆಟ್ ಯಾವುದಾದರೂ ಇರಲಿ, ನಡೆಯಲು ಕಷ್ಟವಿರುವವರು 48 ಗಂಟೆ ಮುಂಚೆ ಹೇಳಿದರೆ ಗಾಲಿಕುರ್ಚಿ ಸಿಗುತ್ತದೆ. ತಳ್ಳುವವರೇ ತಪಾಸಣೆಯನ್ನೆಲ್ಲ ದಾಟಿಸಿ ವಿಮಾನದ ಬಾಗಿಲಿಗೆ ಮುಟ್ಟಿಸುತ್ತಾರೆ. ಒಬ್ಬರೇ ಹೋಗುವ ತಾಯಂದಿರಿಗೆ ಇದು ದೊಡ್ಡ ಧೈರ್ಯ. ಸಾದಾ ವಿಭಾಗದಲ್ಲೂ ನಡೆದಾರಿಯ ಪಕ್ಕದ ಸೀಟನ್ನು ಮೊದಲೇ ಕೇಳಿಕೊಳ್ಳಬಹುದು.

ದುಬಾರಿ ಟಿಕೆಟಿನಿಂದಲೂ ಬದಲಾಗದ ಕಟ್ಟುಪಾಡುಗಳಿವೆ. ಕೈಚೀಲದಲ್ಲಿ 100 ಮಿ.ಲೀ.ಗಿಂತ ದೊಡ್ಡ ಸೀಸೆಯ ದ್ರವ ಬಿಡುವುದಿಲ್ಲ, ಆದ್ದರಿಂದ ಕಾಚಂಪುಳಿ, ಜೇನು, ಉಪ್ಪಿನಕಾಯಿ ದೊಡ್ಡ ಪೆಟ್ಟಿಗೆಗೇ ಸೇರಲಿ. ಹಂದಿಮಾಂಸದ ಉಪ್ಪಿನಕಾಯಿಯನ್ನು, ಕಿತ್ತಳೆ ಹಣ್ಣನ್ನು ಅಮೆರಿಕದೊಳಗೆ ಬಿಡುವುದಿಲ್ಲ. ಹುರಿದು ಪುಡಿ ಮಾಡಿದ ನಮ್ಮ ಕಾಫಿಗೆ ಅಡ್ಡಿಯಿಲ್ಲ. ತಿನ್ನುವ ಪದಾರ್ಥ ಏನಿದ್ದರೂ ಇಳಿದಾಗ ಮುಚ್ಚಿಡದೆ ತಿಳಿಸಿ.

ಹಾಗಾದರೆ ಬೇಕೇ, ಬೇಡವೇ?

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ ಎಲ್ಲೂ ನಿಲ್ಲದೆ ಬೆಂಗಳೂರಿಗೆ ಬಂತು. ಸುಮಾರು 14,000 ಕಿ.ಮೀ. ದಾರಿ. ಅದನ್ನು ನಡೆಸಿದ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಹೆಂಗಸರೇ. ಹೆಂಗಸರು ವಿಮಾನ ನಡೆಸುವ ಕಾಲದಲ್ಲಿ ಅದರೊಳಗೆ ಕಾಲು ಚಾಚಲು ನಾವೇಕೆ ನಾಚಬೇಕು?

ಮೈಯಲ್ಲಿ ಕಸುವಿದ್ದು, ಆರೇಳು ಗಂಟೆಯ ಪ್ರಯಾಣವಾದರೆ ಸಾದಾ ಸೀಟೇ ಸಾಕು, ಉಳಿದ ಹಣದಲ್ಲಿ ಮೊಮ್ಮಗುವಿಗೆ ಚಿನ್ನ ಮಾಡಿಸಿ. ಸಾಲ ಮಾಡಿ ಬಿಸಿನೆಸ್ಸಿನಲ್ಲಿ ಹೋಗಬೇಕಾದ್ದಂತೂ ಇಲ್ಲವೇ ಇಲ್ಲ. ಆದರೆ ಅರವತ್ತು ದಾಟಿದೆ, ಮಂಡಿಯೋ ಸೊಂಟವೋ ನೋಯುತ್ತಿದೆ, ರಾತ್ರಿಯೆಲ್ಲ ಹಾರಬೇಕು, ಮಕ್ಕಳು ಕೊಡಲು ಶಕ್ತರಿದ್ದು ಮನಸಾರೆ ಕೇಳುತ್ತಿದ್ದಾರೆ ಎಂದಾದರೆ ಬೇಡವೆನ್ನಬೇಡಿ. ನಾವು ಅಲ್ಲಿಗೆ ಹೋಗುವುದು ಊರು ನೋಡಲಿಕ್ಕಲ್ಲ. ಇಳಿದ ಮಾರನೆಯ ಬೆಳಿಗ್ಗೆಯಿಂದ ಬಾಣಂತಿಗೆ ಕಾಳುಮೆಣಸಿನ ಸಾರು, ಮಗುವಿಗೆ ಎಣ್ಣೆನೀರು, ರಾತ್ರಿಯ ಜಾಗರಣೆ ಕಾದಿರುತ್ತದೆ. ಮೂರು ತಿಂಗಳು ಬಿಡುವಿಲ್ಲದ ಕೆಲಸಕ್ಕೆ ಹೋಗುವವಳು ಹೊರಡುವ ರಾತ್ರಿ ಬೆನ್ನು ನೆಟ್ಟಗೆ ಮಾಡಿ ಮಲಗಿದರೆ ಅದನ್ನು ಶೋಕಿ ಎನ್ನುವವರು ಯಾರು?