ಲ್ಯಾಪ್‌ಟಾಪ್ ಮೆಮೊರಿ ವಿಸ್ತರಣೆ: ದುರಸ್ತಿಯೋ, ಆಸ್ತಿಯೋ?

ತಿಂಗಳ 20ನೇ ತಾರೀಖು ಸಮೀಪಿಸಿ, ಜಿಎಸ್‌ಟಿಆರ್-3ಬಿ ಸಲ್ಲಿಸುವ ಅವಸರ ಹೆಚ್ಚಿದಾಗ ಕಚೇರಿಯ ಲ್ಯಾಪ್‌ಟಾಪ್ ನಿಧಾನವಾಯಿತೆಂಬ ದೂರು ಅನೇಕ ವರ್ತಕರದು. ಲೆಕ್ಕಪತ್ರದ ತಂತ್ರಾಂಶ, ಎಕ್ಸೆಲ್ ಮತ್ತು ಬ್ರೌಸರ್‌ಗಳನ್ನು ಏಕಕಾಲದಲ್ಲಿ ಬಳಸುವಾಗ 4 ಜಿಬಿ ಮೆಮೊರಿ ಸಾಲದಾಗುತ್ತದೆ. ಆಗ ಯಂತ್ರವು ಮೆಮೊರಿಗಿಂತ ಬಹಳ ನಿಧಾನವಾದ ಡಿಸ್ಕನ್ನು ಆಶ್ರಯಿಸುತ್ತದೆ. ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಮೆಮೊರಿ ವಿಸ್ತರಣೆಯ ಸಾಧ್ಯತೆಯನ್ನು ಪರಿಶೀಲಿಸುವುದು ಉಚಿತ.

ಮೊದಲಿಗೆ, ನಿತ್ಯದ ಕೆಲಸ ನಡೆದಿರುವಾಗಲೇ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಬಳಕೆಯನ್ನು ನೋಡಬೇಕು. ಅದು ಬಹುತೇಕ ಭರ್ತಿಯಾಗಿದ್ದರೆ ಮಾತ್ರ ವಿಸ್ತರಣೆಯಿಂದ ಪ್ರಯೋಜನ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಮಾದರಿಗಳು ಒಂದರ ಸ್ಥಾನದಲ್ಲಿ ಇನ್ನೊಂದು ಕೂರುವುದಿಲ್ಲ. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ವಿಸ್ತರಣೆ ಅಸಾಧ್ಯ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಕ್ಕೆ ಹಣ ಹಾಕುವ ಮುನ್ನ ಇದನ್ನೂ ಯೋಚಿಸಬೇಕು.

ಇನ್ನು ಲೆಕ್ಕ ಬರೆಯುವ ಪ್ರಶ್ನೆ. ಕೆಟ್ಟುಹೋದ 4 ಜಿಬಿ ಮೆಮೊರಿಯ ಬದಲಿಗೆ ಅಷ್ಟೇ ಸಾಮರ್ಥ್ಯದ್ದನ್ನು ಹಾಕಿಸಿದರೆ ಅದು ದುರಸ್ತಿ; ಪೂರ್ಣ ಮೊತ್ತವನ್ನು ಆ ವರ್ಷದ ಲಾಭನಷ್ಟ ಖಾತೆಗೆ ಹಾಕಬಹುದು. ಸುಸ್ಥಿತಿಯಲ್ಲಿದ್ದ ಯಂತ್ರದ ಮೆಮೊರಿಯನ್ನು 16 ಜಿಬಿಗೆ ಏರಿಸಿದರೆ ಸಾಮರ್ಥ್ಯವೇ ವೃದ್ಧಿಸುತ್ತದೆ. ಅದನ್ನು ಬಂಡವಾಳ ವೆಚ್ಚವೆಂದು ಕಂಪ್ಯೂಟರ್ ಖಾತೆಗೆ ಸೇರಿಸುವುದು ಸಮಂಜಸ. ಚಾಲ್ತಿ ದುರಸ್ತಿಯೆಂದರೆ ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೆಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರ ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರುಗಳಿಗೆ ಶೇ. 40ರ ಸವಕಳಿ ಲಭ್ಯ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಆದ್ದರಿಂದ ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಸಲೆಂದೇ ಕೊಳ್ಳುವುದರಿಂದ ದೊಡ್ಡ ಲಾಭವಿಲ್ಲ.

ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ಪಡೆಯಲು ವ್ಯವಹಾರದ ಜಿಎಸ್‌ಟಿ ಸಂಖ್ಯೆ ನಮೂದಾದ ತೆರಿಗೆ ಬಿಲ್ಲು ಅವಶ್ಯಕ. ತೆರಿಗೆಯ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಅದರ ಮೇಲೂ ಸವಕಳಿ ಕೇಳಿದರೆ ಈ ಜಮೆ ದೊರೆಯದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಜಮೆಯೇ ಇಲ್ಲ. ಅವರು ತೆರಿಗೆಯನ್ನೂ ವೆಚ್ಚದ ಭಾಗವೆಂದೇ ಎಣಿಸಬೇಕು.

ಬಿಲ್ಲಿನಲ್ಲಿ ಬರೀ "ಕಂಪ್ಯೂಟರ್ ರಿಪೇರಿ" ಎಂದು ಬರೆಸಿಕೊಳ್ಳುವ ರೂಢಿಯನ್ನು ವರ್ತಕರು ಬಿಡುವುದು ಒಳಿತು. ಮೆಮೊರಿಯ ಮಾದರಿ, ಸಾಮರ್ಥ್ಯ, ಅಳವಡಿಸಿದ ಯಂತ್ರದ ಕ್ರಮಸಂಖ್ಯೆ ಮತ್ತು ಕೆಲಸದ ಕೂಲಿಯನ್ನು ಬೇರೆಬೇರೆಯಾಗಿ ನಮೂದಿಸಿದ ಬಿಲ್ಲು, ಮುಂದೆ ತೆರಿಗೆ ಅಧಿಕಾರಿಗಳ ಪ್ರಶ್ನೆಗೂ ವಾರಂಟಿಯ ತಗಾದೆಗೂ ಉತ್ತರವಾಗಬಲ್ಲದು.